ಉದ್ಯೋಗದ ಸಂದರ್ಶನವೂ ನಮ್ಮ ವಿದ್ಯಾರ್ಥಿಗಳೂ



ಕಾಲೇಜಿನ ಕೊನೆಯ ವರ್ಷದಲ್ಲಿ ಒಂದು ದಿನ ಬರುತ್ತದೆ. ಆ ದಿನ ಹೊತ್ತಿಗೆ ಮುಂಚೆಯೇ ವಿದ್ಯಾರ್ಥಿಗಳು ಬಂದು ಪಡಸಾಲೆಯಲ್ಲಿ ಸಾಲಾಗಿ ಕುಳಿತಿರುತ್ತಾರೆ. ನಿನ್ನೆಯವರೆಗೆ ಹೇಗೆಂದರೆ ಹಾಗೆ ತಿರುಗುತ್ತಿದ್ದವರು ಇಂದು ಇಸ್ತ್ರಿ ಮಾಡಿದ ಷರಟು ತೊಟ್ಟಿದ್ದಾರೆ. ಕೆಲವರ ಕೊರಳಲ್ಲಿ ಸ್ನೇಹಿತರಿಂದ ಎರವಲು ತಂದ ಟೈ ಇದೆ. ತೊಡೆಯ ಮೇಲೆ ಅಂಕಪಟ್ಟಿಗಳ ಕಡತ. ತುಟಿಗಳು ಅಲ್ಲಾಡುತ್ತಿವೆ, ಬಾಯಿಪಾಠ ಮಾಡಿದ್ದನ್ನು ತಮಗೆ ತಾವೇ ಒಪ್ಪಿಸಿಕೊಳ್ಳುತ್ತಿದ್ದಾರೆ. ಬಾಗಿಲು ತೆರೆದು ಒಬ್ಬನ ಹೆಸರನ್ನು ಕೂಗುತ್ತಾರೆ. ಅವನು ಒಳಕ್ಕೆ ಹೋಗಿ ಕಾಲುಗಂಟೆಯಲ್ಲಿ ಹೊರಕ್ಕೆ ಬರುತ್ತಾನೆ. ಹದಿನಾರು ವರ್ಷಗಳ ಓದು, ತಂದೆ ಮಾಡಿದ ಸಾಲ, ತಾಯಿ ಒತ್ತೆಯಿಟ್ಟ ಬಳೆ, ಇವೆಲ್ಲದರ ಫಲವೂ ಆ ಕಾಲುಗಂಟೆಯ ಮೇಲೆ ನಿಂತಿರುತ್ತದೆ.

ಅಧ್ಯಾಪಕನಾಗಿ ನಾನು ಈ ಪಡಸಾಲೆಯನ್ನು ಬಹಳ ವರ್ಷ ಕಂಡಿದ್ದೇನೆ. ಕೆಲವು ಸಲ ಬಾಗಿಲಿನ ಒಳಗಡೆ, ಪ್ರಶ್ನೆ ಕೇಳುವವರ ಪಕ್ಕದಲ್ಲಿಯೂ ಕುಳಿತಿದ್ದೇನೆ. ಸೋತು ಹೊರಬಂದವರಲ್ಲಿ ಬಹುಮಂದಿ ತಿಳಿವಳಿಕೆಯ ಕೊರತೆಯಿಂದ ಸೋತವರಲ್ಲ. ತಮಗೆ ತಿಳಿದಿರುವುದನ್ನು ಹೇಳಲಾರದೆ ಸೋತವರು. ಮಂಡ್ಯದ ಕಡೆಯ ಒಬ್ಬ ಹುಡುಗನ ನೆನಪು ನನಗೆ ಇಂದಿಗೂ ಇದೆ. ಸಿವಿಲ್ ಇಂಜಿನಿಯರಿಂಗ್ ಓದಿದವನು, ಜಾಣ. ಒಳಗೆ ಅವನನ್ನು ಕೇಳಿದ ಮೊದಲನೆಯ ಪ್ರಶ್ನೆ, "ನಿಮ್ಮ ವಿಚಾರ ಸ್ವಲ್ಪ ಹೇಳಿ" ಎಂಬುದು. ಹೊರಗೆ ಬಂದು ಅವನು ನನಗೆ ಹೇಳಿದ್ದು ಇಷ್ಟು: "ಸಾರ್, ಬೇರೆ ಏನು ಕೇಳಿದ್ದರೂ ಹೇಳುತ್ತಿದ್ದೆ. ನನ್ನ ವಿಚಾರವೇ ನನಗೆ ಮರೆತುಹೋಯಿತು."

ಇದು ನಗುವ ಮಾತಲ್ಲ. ನಮ್ಮ ಮನೆಗಳಲ್ಲಿ ಹಿರಿಯರು ಕೇಳಿದರೆ ಕಿರಿಯರು ಒಂದು ಮಾತಿನಲ್ಲಿ ಉತ್ತರ ಹೇಳಿ ತಲೆ ತಗ್ಗಿಸುವುದು ವಾಡಿಕೆ. ತನ್ನನ್ನು ತಾನು ಹೊಗಳಿಕೊಳ್ಳುವುದು ಅಸಭ್ಯವೆಂದು ನಾವೇ ಅವರಿಗೆ ಕಲಿಸಿದ್ದೇವೆ. ಶಾಲೆಯಲ್ಲಿ ಉತ್ತರವೆಂದರೆ ಮಸಿಯಲ್ಲಿ ಬರೆಯುವಂಥದು, ಪುಸ್ತಕದಲ್ಲಿ ಇರುವಂಥದು. ಹೀಗೆ ಇಪ್ಪತ್ತೆರಡು ವರ್ಷ ಬೆಳೆಸಿ, ಒಂದು ದಿನ ಬೆಳಗ್ಗೆ ಅಪರಿಚಿತರಾದ ಮೂವರ ಮುಂದೆ ಕೂರಿಸಿ, ಪರಭಾಷೆಯಲ್ಲಿ, "ನಿನ್ನ ಗುಣಗಳೇನು, ಹೇಳು" ಎಂದರೆ ಅವನು ಏನು ಹೇಳಿಯಾನು? ಆದುದರಿಂದ ಈ ಸಿದ್ಧತೆಯನ್ನು ಕಲಿಸುವ ಹೊಣೆ ಕಲಿಸುವವರದು. ಅದನ್ನು ಹೇಗೆ ಕಲಿಸಬಹುದೆಂಬುದೇ ಇಂದಿನ ನನ್ನ ಮಾತಿನ ವಿಷಯ.

ಮೊದಲು ಒಂದು ಸಂದೇಹವನ್ನು ಪರಿಹರಿಸಿಕೊಳ್ಳಬೇಕು. ಕಾಲುಗಂಟೆಯ ಮಾತಿನಿಂದ ಒಬ್ಬನ ಯೋಗ್ಯತೆ ತಿಳಿಯುತ್ತದೆಯೆ? ಈ ಪ್ರಶ್ನೆ ಹಳೆಯದು. 1922ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಹಾಲಿಂಗ್‌ವರ್ತ್ ಎಂಬವರು 12 ಮಂದಿ ವ್ಯಾಪಾರದ ವ್ಯವಸ್ಥಾಪಕರು 57 ಮಂದಿ ಉಮೇದುವಾರರಿಗೆ ಕೊಟ್ಟ ಸ್ಥಾನಗಳನ್ನು ಪ್ರಕಟಿಸಿದರು. ಒಬ್ಬರು ಮೇಲಿಟ್ಟವನನ್ನು ಮತ್ತೊಬ್ಬರು ಕೆಳಗಿಟ್ಟಿದ್ದರು. ಒಬ್ಬರ ಅಭಿಪ್ರಾಯಕ್ಕೂ ಇನ್ನೊಬ್ಬರದಕ್ಕೂ ಹೊಂದಿಕೆಯೇ ಇರಲಿಲ್ಲ. ನಮ್ಮ ದೇಶದಲ್ಲಿ ಈ ಪ್ರಶ್ನೆ ನ್ಯಾಯಾಲಯದವರೆಗೆ ಹೋಯಿತು. ವೈದ್ಯ ಮತ್ತು ಇಂಜಿನಿಯರಿಂಗ್ ಕಾಲೇಜುಗಳ ಪ್ರವೇಶಕ್ಕೆ ಮೈಸೂರು ಸರ್ಕಾರವು ಗೊತ್ತುಮಾಡಿದ್ದ ಸಂದರ್ಶನದ ಪದ್ಧತಿಯನ್ನು ಚಿತ್ರಲೇಖಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1964ರಲ್ಲಿ ಎತ್ತಿಹಿಡಿಯಿತು. ಮುಂದೆ ಶ್ರೀನಗರದ ಕಾಲೇಜೊಂದರ ಪ್ರವೇಶಕ್ಕೆ ಸಂಬಂಧಿಸಿದ ಅಜಯ್ ಹಾಸಿಯಾ ಮೊಕದ್ದಮೆಯಲ್ಲಿ, ಒಟ್ಟು ಅಂಕಗಳಲ್ಲಿ ಮೂರನೆಯ ಒಂದು ಭಾಗವನ್ನು ಸಂದರ್ಶನಕ್ಕೆ ಇಡುವುದು ಮನಸೋಇಚ್ಛೆಯ ಕ್ರಮವೆಂದೂ, ಅಂಥ ಆಯ್ಕೆಯಲ್ಲಿ ನೂರಕ್ಕೆ 15ನ್ನು ಮೀರಬಾರದೆಂದೂ ಅದೇ ನ್ಯಾಯಾಲಯ ಹೇಳಿತು. ಕೇಂದ್ರ ಸರ್ಕಾರವಂತೂ ಬಿ ವರ್ಗದ ಗೆಜೆಟೇತರ ಹುದ್ದೆಗಳಿಗೂ ಸಿ ವರ್ಗದ ಹುದ್ದೆಗಳಿಗೂ 2016ರ ಜನವರಿ 1ರಿಂದ ಸಂದರ್ಶನವನ್ನೇ ತೆಗೆದುಹಾಕಿತು.

ಹಾಗಾದರೆ ಸಂದರ್ಶನವು ನಿರರ್ಥಕವೆ? ಹಾಗೂ ಅಲ್ಲ. ಕೇಳುವ ರೀತಿಯ ಮೇಲೆ ಅದರ ಬೆಲೆ ನಿಂತಿದೆ. ಬಾಯಿಗೆ ಬಂದುದನ್ನು ಕೇಳುತ್ತ ಹೋಗುವುದು ಒಂದು ಬಗೆ. ಕೆಲಸಕ್ಕೆ ಬೇಕಾದ ಗುಣಗಳು ಇವು ಎಂದು ಮೊದಲೇ ಗೊತ್ತುಮಾಡಿಕೊಂಡು, ಎಲ್ಲ ಉಮೇದುವಾರರಿಗೂ ಒಂದೇ ಬಗೆಯ ಪ್ರಶ್ನೆಗಳನ್ನು ಕೇಳಿ, ಒಂದೇ ಅಳತೆಗೋಲಿನಿಂದ ಅಂಕ ಕೊಡುವುದು ಇನ್ನೊಂದು ಬಗೆ. ಸ್ಯಾಕೆಟ್ ಮತ್ತು ಸಂಗಡಿಗರು ಅನೇಕ ಸಂಶೋಧನೆಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟಿಸಿದ ಲೆಕ್ಕ ಇಲ್ಲಿ ನೆನೆಯತಕ್ಕದ್ದು. ಸಂದರ್ಶನದಲ್ಲಿ ಕಂಡ ಯೋಗ್ಯತೆಗೂ ಮುಂದೆ ಕೆಲಸದಲ್ಲಿ ಕಂಡ ಯೋಗ್ಯತೆಗೂ ಏನೂ ಸಂಬಂಧವಿಲ್ಲದಿದ್ದರೆ ಸೊನ್ನೆ, ಪೂರ್ಣ ಸಂಬಂಧವಿದ್ದರೆ ಒಂದು ಎಂದಿಟ್ಟುಕೊಂಡರೆ, ಕ್ರಮವಿಲ್ಲದ ಸಂದರ್ಶನಕ್ಕೆ 0.19, ಕ್ರಮಬದ್ಧವಾದುದಕ್ಕೆ 0.42 ಬಂದಿತು. ಎರಡನೆಯದು ಅವರು ಪರಿಶೀಲಿಸಿದ ಆಯ್ಕೆಯ ವಿಧಾನಗಳಲ್ಲೆಲ್ಲ ಮೇಲಿನ ಸ್ಥಾನ ಪಡೆಯಿತು.

ಇದರಿಂದ ನಮಗೆ ಎರಡು ಪಾಠಗಳಿವೆ. ಒಂದು, ಕ್ರಮಬದ್ಧ ಸಂದರ್ಶನವೂ ಪೂರ್ಣ ಅಳತೆಯಲ್ಲ. ಆದುದರಿಂದ ಅದರಲ್ಲಿ ಸೋತವನು ತನ್ನನ್ನು ಅಯೋಗ್ಯನೆಂದು ತಿಳಿಯಬೇಕಾದುದಿಲ್ಲ. ಎರಡು, ಒಳ್ಳೆಯ ಪ್ರಶ್ನೆಗಳು ಗುಟ್ಟಾದ ಪ್ರಶ್ನೆಗಳಲ್ಲ. ಕೆಲಸ ಯಾವುದೆಂದು ತಿಳಿದರೆ ಕೇಳುವುದೇನೆಂಬುದನ್ನು ಬಹುಮಟ್ಟಿಗೆ ಊಹಿಸಬಹುದು. ಸಿದ್ಧವಾಗಿ ಹೋಗುವುದು ಮೋಸವಲ್ಲ. ಅತಿಥಿ ಬರುವನೆಂದು ತಿಳಿದ ಮೇಲೆ ಮನೆ ಗುಡಿಸುವುದು ಮೋಸವೆ?

ಇನ್ನು ಪ್ರಶ್ನೆಗಳಿಗೆ ಬರೋಣ.

"ನಿಮ್ಮ ವಿಚಾರ ಹೇಳಿ" ಎಂಬುದು ಮೊದಲನೆಯದು, ಎಲ್ಲಕ್ಕಿಂತ ಸುಲಭವಾಗಿ ಕಾಣುವಂಥದು, ಎಲ್ಲಕ್ಕಿಂತ ಹೆಚ್ಚು ಜನ ಎಡವುವಂಥದು. ನಮ್ಮ ಹುಡುಗರು ಹೇಳುವುದೇನು? ಹೆಸರು, ಊರು, ತಂದೆಯ ಕಸುಬು, ಅಣ್ಣತಮ್ಮಂದಿರ ಸಂಖ್ಯೆ, ಕ್ರಿಕೆಟ್ ಆಡುವ ಹವ್ಯಾಸ. ಇದರಲ್ಲಿ ಅರ್ಧ ಮೇಜಿನ ಮೇಲಿನ ಕಾಗದದಲ್ಲಿಯೇ ಇದೆ. ಉಳಿದರ್ಧ ಆ ದಿನ ಬಂದ ಎಲ್ಲರಿಗೂ ಒಪ್ಪುತ್ತದೆ. ಕೇಳುವವರಿಗೆ ಬೇಕಾದುದು ಮೂರು ಸಂಗತಿ: ನೀವು ಏನನ್ನು ಕಲಿತಿರಿ, ಕಲಿತುದನ್ನು ಬಳಸಿ ಏನನ್ನು ಮಾಡಿದಿರಿ, ಇಲ್ಲಿಗೆ ಏಕೆ ಬಂದಿರಿ. ಎರಡು ನಿಮಿಷ ಇದಕ್ಕೆ ಧಾರಾಳವಾಗಿ ಸಾಕು.

ಆ ಮಂಡ್ಯದ ಹುಡುಗನನ್ನು ಅಂದು ಸಂಜೆ ಕಾಫಿಗೆ ಕರೆದುಕೊಂಡು ಹೋದೆ. ಸಿವಿಲ್ ಏಕೆ ಓದಿದೆಯಪ್ಪ ಎಂದು ಸುಮ್ಮನೆ ಕೇಳಿದೆ. ಅರ್ಧ ಗಂಟೆ ಮಾತನಾಡಿದ. ಅವರ ಹೊಲ ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನ ಕಟ್ಟಕಡೆಯಲ್ಲಿದೆ. ಮೇಲಿನವರ ಗದ್ದೆಗೆ ನೀರು ತುಂಬಿದರೂ ಇವರಲ್ಲಿಗೆ ಬರುವಷ್ಟರಲ್ಲಿ ಸೊರಗಿರುತ್ತದೆ. ನೀರು ಎಲ್ಲಿ ಹೋಗುತ್ತದೆಂಬುದು ಅವನಿಗೆ ಚಿಕ್ಕಂದಿನಿಂದ ಇದ್ದ ಪ್ರಶ್ನೆ. ಕೊನೆಯ ವರ್ಷ ನಾಲ್ವರು ಗೆಳೆಯರು ಸೇರಿ ಒಂದು ಉಪನಾಲೆಯ ಸೋರಿಕೆಯನ್ನು ಅಳೆದರು, ಲೆಕ್ಕವೆಲ್ಲ ಇವನದೇ. "ಇದನ್ನು ಒಳಗೆ ಹೇಳಲಿಲ್ಲವೇಕೆ?" ಎಂದೆ. "ಇದು ಹೇಳುವ ವಿಷಯವೇ ಸಾರ್? ಇದು ನಮ್ಮೂರಿನ ವಿಷಯ" ಎಂದ. ಅವನು ಅಂದು ಬಾಯಿಪಾಠ ಮಾಡಿದ್ದ ಉತ್ತರದಲ್ಲಿ ನಾಲೆಯೂ ಇರಲಿಲ್ಲ, ಅವನೂ ಇರಲಿಲ್ಲ. ವಿದ್ಯಾರ್ಥಿಯನ್ನು ಸಿದ್ಧಪಡಿಸುವುದೆಂದರೆ ಅವನಿಗೆ ಹೊಸ ಮಾತುಗಳನ್ನು ತುಂಬುವುದಲ್ಲ. ಅವನಲ್ಲಿ ಇರುವ ಇಂಥ ನಾಲೆಯನ್ನು ಅವನಿಗೇ ತೋರಿಸಿಕೊಡುವುದು.

ಎರಡನೆಯ ಪ್ರಶ್ನೆ, "ನಮ್ಮಲ್ಲಿಗೇ ಏಕೆ ಬರಬೇಕೆಂದಿದ್ದೀರಿ?" ಎಂಬುದು. "ಇದು ದೊಡ್ಡ ಸಂಸ್ಥೆ, ಹೆಸರಾದ ಸಂಸ್ಥೆ" ಎಂಬ ಉತ್ತರ ಮುಖಸ್ತುತಿ. ಆ ಸಂಸ್ಥೆ ಏನು ಮಾಡುತ್ತದೆ, ಯಾರಿಗಾಗಿ ಮಾಡುತ್ತದೆ, ಕೇಳಿರುವ ಹುದ್ದೆಯವನು ದಿನವೂ ಮಾಡಬೇಕಾದ ಕೆಲಸವೇನು, ಈ ಮೂರನ್ನು ಹಿಂದಿನ ದಿನವೇ ಓದಿ ತಿಳಿದುಕೊಂಡಿರಬೇಕು. ಅದರಲ್ಲಿ ತನಗೆ ಹಿಡಿಸಿದ ಒಂದು ಅಂಶವನ್ನು ಹೇಳಿ, ತಾನು ಕಲಿತುದಕ್ಕೂ ಅದಕ್ಕೂ ಇರುವ ನಂಟನ್ನು ತೋರಿಸಿದರೆ ಸಾಕು. ಮನೆಗೆ ವರಮಾನ ಬೇಕೆಂಬುದು ನಾಚಿಕೆಯ ಕಾರಣವಲ್ಲ. ಆದರೆ ಅದು ಯಾವ ಕೆಲಸಕ್ಕೂ ಒಪ್ಪುವ ಕಾರಣವಾದುದರಿಂದ ಈ ಪ್ರಶ್ನೆಗೆ ಉತ್ತರವಾಗಲಾರದು.

ಮೂರನೆಯದು ಗುಣದೋಷಗಳ ಪ್ರಶ್ನೆ. ಗುಣವನ್ನು ಹೇಳುವಾಗ ವಿಶೇಷಣಗಳನ್ನು ಪೋಣಿಸಬಾರದು. "ನಾನು ಪ್ರಾಮಾಣಿಕ, ಶ್ರಮಜೀವಿ, ಸಹಕಾರಶೀಲ" ಎಂದು ಯಾರು ಬೇಕಾದರೂ ಹೇಳಿಯಾರು. ಒಂದು ಗುಣ, ಅದಕ್ಕೆ ಒಂದು ಸಾಕ್ಷಿ. ದೋಷವನ್ನು ಹೇಳುವಾಗ ನಮ್ಮ ಹುಡುಗರಿಗೆ ಯಾರೋ ಒಂದು ಉಪಾಯ ಕಲಿಸಿಬಿಟ್ಟಿದ್ದಾರೆ: "ಅತಿಯಾಗಿ ದುಡಿಯುವುದೇ ನನ್ನ ದೋಷ." ಈ ಮಾತನ್ನು ಒಂದೇ ಬೆಳಗ್ಗೆ ಹನ್ನೊಂದು ಬಾಯಿಗಳಿಂದ ಕೇಳಿದ್ದೇನೆ, ಹನ್ನೆರಡನೆಯವಳು, "ಗುಂಪಿನಲ್ಲಿ ಮಾತನಾಡಲು ನನಗೆ ಹೆದರಿಕೆಯಿತ್ತು, ಅದಕ್ಕಾಗಿ ಕಳೆದ ವರ್ಷದಿಂದ ತರಗತಿಯ ವರದಿಗಳನ್ನು ನಾನೇ ಓದುತ್ತಿದ್ದೇನೆ, ಈಗ ಹೆದರಿಕೆ ಕಡಮೆಯಾಗಿದೆ, ಹೋಗಿಲ್ಲ" ಎಂದಳು. ಕೋಣೆಯಲ್ಲಿದ್ದವರೆಲ್ಲ ತಲೆ ಎತ್ತಿ ಅವಳನ್ನು ನೋಡಿದರು. ನಿಜವಾದ ಒಂದು ಕುಂದು, ಅದನ್ನು ತಿದ್ದಿಕೊಳ್ಳಲು ಮಾಡುತ್ತಿರುವ ಒಂದು ಪ್ರಯತ್ನ: ಉತ್ತರ ಇಷ್ಟೆ.

ನಾಲ್ಕನೆಯದು ಈಚಿನ ಕಾಲದಲ್ಲಿ ಬಹಳ ಬಳಕೆಗೆ ಬಂದಿರುವ ಬಗೆ. "ಕಷ್ಟದ ಸನ್ನಿವೇಶವೊಂದನ್ನು ನೀವು ಎದುರಿಸಿದ್ದನ್ನು ಹೇಳಿ", "ಜೊತೆಯವರೊಡನೆ ಭಿನ್ನಾಭಿಪ್ರಾಯ ಬಂದಾಗ ಏನು ಮಾಡಿದಿರಿ?" ಎಂದು ಕೇಳುತ್ತಾರೆ. ಹಿಂದೆ ನಡೆದುಕೊಂಡ ರೀತಿಯೇ ಮುಂದಿನ ನಡತೆಗೆ ಒಳ್ಳೆಯ ಸೂಚನೆ ಎಂಬುದು ಇದರ ಹಿಂದಿರುವ ತತ್ತ್ವ. ಇದಕ್ಕೆ ಉತ್ತರವನ್ನು ನಾಲ್ಕು ಮೆಟ್ಟಿಲುಗಳಲ್ಲಿ ಕಟ್ಟಬೇಕು: ಸನ್ನಿವೇಶವೇನು, ಅದರಲ್ಲಿ ನನ್ನ ಹೊಣೆಯೇನು, ನಾನು ಮಾಡಿದುದೇನು, ಫಲವೇನು. ನಮ್ಮವರು ಮೊದಲನೆಯ ಮೆಟ್ಟಿಲಿನಲ್ಲಿಯೇ ನಿಂತು ಕಥೆ ಬೆಳೆಸುತ್ತಾರೆ. ಮೂರನೆಯದನ್ನು ಒಂದು ವಾಕ್ಯದಲ್ಲಿ ಮುಗಿಸುತ್ತಾರೆ. ಆಗಬೇಕಾದುದು ಇದಕ್ಕೆ ವಿರುದ್ಧ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ವಿನಯಕ್ಕಾಗಿ ನಾವು "ನಾನು" ಎನ್ನುವ ಕಡೆ "ನಾವು" ಎನ್ನುತ್ತೇವೆ. "ನಾವು ಅಳೆದೆವು, ನಾವು ಲೆಕ್ಕ ಹಾಕಿದೆವು" ಎಂದರೆ ಕೇಳುವವರಿಗೆ ಈ ಉಮೇದುವಾರನ ಪಾಲು ಎಷ್ಟೆಂಬುದು ತಿಳಿಯುವುದಿಲ್ಲ. "ಅಳತೆಗೆ ನಾಲ್ವರೂ ಹೋದೆವು. ಎರಡು ದಿನದ ಅಳತೆಗಳು ಒಂದಕ್ಕೊಂದು ಹೊಂದಲಿಲ್ಲ. ಸಲಕರಣೆ ಕೆಟ್ಟಿದೆಯೆಂದು ಗೆಳೆಯರು ಹೇಳಿದರು; ನಾನು ಮೇಲಿನ ತೂಬು ತೆರೆದ ಹೊತ್ತನ್ನು ನೀರುಗಂಟಿಯಿಂದ ಕೇಳಿ ಬರೆದುಕೊಂಡು ಬಂದೆ. ವ್ಯತ್ಯಾಸಕ್ಕೆ ಅದೇ ಕಾರಣವಾಗಿತ್ತು." ಹೀಗೆ ಹೇಳಿದರೆ ಗೆಳೆಯರ ಪಾಲೂ ಉಳಿಯಿತು, ತನ್ನ ಪಾಲೂ ತಿಳಿಯಿತು. ಇದು ಆತ್ಮಪ್ರಶಂಸೆಯಲ್ಲ, ಲೆಕ್ಕ ಒಪ್ಪಿಸುವುದು.

ಐದನೆಯದು ನೋಯುವ ಜಾಗವನ್ನು ಮುಟ್ಟುವ ಪ್ರಶ್ನೆ: "ಮೂರನೆಯ ಸೆಮಿಸ್ಟರಿನಲ್ಲಿ ಎರಡು ವಿಷಯ ಹೋಗಿವೆಯಲ್ಲ?", "ನಡುವೆ ಒಂದು ವರ್ಷ ಏನು ಮಾಡಿದಿರಿ?" ಇಲ್ಲಿ ಸುಳ್ಳು ಹೇಳಬಾರದು, ಅಳಲೂಬಾರದು, ಅಧ್ಯಾಪಕರನ್ನು ದೂರಲೂಬಾರದು. ನಡೆದದ್ದನ್ನು ಒಂದು ವಾಕ್ಯದಲ್ಲಿ, ಆಮೇಲೆ ಮಾಡಿದ್ದನ್ನು ಎರಡು ವಾಕ್ಯಗಳಲ್ಲಿ ಹೇಳಿ ನಿಲ್ಲಿಸಬೇಕು. "ತಂದೆಯವರಿಗೆ ಕಾಯಿಲೆಯಾಗಿ ಊರಿನಲ್ಲಿದ್ದೆ. ಮುಂದಿನ ಸಲ ಎರಡನ್ನೂ ಕಟ್ಟಿ ತೇರ್ಗಡೆಯಾದೆ" ಎಂದರೆ ಮಾತು ಮುಗಿಯಿತು. "ಐದು ವರ್ಷದ ಮೇಲೆ ಎಲ್ಲಿರುತ್ತೀರಿ?" ಎಂದು ಕೇಳಿದರೆ ಪದವಿಯ ಹೆಸರು ಹೇಳುವುದಕ್ಕಿಂತ ಅಷ್ಟರೊಳಗೆ ಕಲಿತಿರಬೇಕೆಂದಿರುವ ಕೆಲಸವನ್ನು ಹೇಳುವುದು ಮೇಲು. "ನಮ್ಮನ್ನು ಏನಾದರೂ ಕೇಳುವುದಿದೆಯೆ?" ಎಂದಾಗ "ಏನೂ ಇಲ್ಲ" ಎಂದು ಎದ್ದುಬಿಡಬಾರದು, ಮೊದಲ ಆರು ತಿಂಗಳಲ್ಲಿ ತನ್ನಿಂದ ಏನನ್ನು ನಿರೀಕ್ಷಿಸುತ್ತಾರೆಂದು ಕೇಳಬಹುದು. ತಿಳಿಯದ ಪ್ರಶ್ನೆಗೆ "ತಿಳಿಯದು" ಎನ್ನುವುದೇ ಉತ್ತರ. ಊಹೆ ಹೇಳುವುದಾದರೆ ಊಹೆಯೆಂದೇ ಹೇಳಬೇಕು.

ಹೆಣ್ಣುಮಕ್ಕಳಿಗೆ ಇನ್ನೊಂದು ಪ್ರಶ್ನೆ ಕಾದಿರುತ್ತದೆ. "ಮದುವೆಯಾದ ಮೇಲೆ ಕೆಲಸ ಬಿಡುತ್ತೀರಾ?" ಗಂಡುಮಕ್ಕಳನ್ನು ಯಾರೂ ಕೇಳದ ಪ್ರಶ್ನೆ ಇದು. ಕೊಡಗಿನ ವಿರಾಜಪೇಟೆಯಲ್ಲಿ ಹುಟ್ಟಿದ ಸಿ. ಬಿ. ಮುತ್ತಮ್ಮನವರು 1949ರಲ್ಲಿ ವಿದೇಶಾಂಗ ಸೇವೆಯನ್ನು ಸೇರಿದ ಮೊದಲ ಮಹಿಳೆ. ಆ ಸೇವೆ ಹೆಂಗಸರಿಗೆ ತಕ್ಕದ್ದಲ್ಲವೆಂದು ಸಂದರ್ಶನ ಮಂಡಲಿಯೇ ಅವರ ಮನಸ್ಸನ್ನು ತಿರುಗಿಸಲು ಯತ್ನಿಸಿತು. ಅವರು ತಿರುಗಲಿಲ್ಲ. ಮದುವೆಯಾಗಲು ಅಧಿಕಾರಿಣಿಯರು ಸರ್ಕಾರದ ಅನುಮತಿ ಪಡೆಯಬೇಕೆಂದಿದ್ದ ನಿಯಮವೇ ಮೊದಲಾದ ತಾರತಮ್ಯಗಳನ್ನು ಅವರು ಸರ್ವೋಚ್ಚ ನ್ಯಾಯಾಲಯದ ಮುಂದಿಟ್ಟರು; 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಆ ನಿಯಮಗಳನ್ನು ತೀವ್ರವಾಗಿ ಖಂಡಿಸಿದರು. ನಮ್ಮ ಹುಡುಗಿಯರು ಈ ಪ್ರಶ್ನೆಗೆ ಕೋಪಗೊಳ್ಳದೆ, ಕುಗ್ಗದೆ, "ಈ ಕೆಲಸವನ್ನು ದೀರ್ಘಕಾಲ ಮಾಡಬೇಕೆಂದೇ ಬಂದಿದ್ದೇನೆ" ಎಂದು ಹೇಳಿ ಮಾತನ್ನು ಕೆಲಸದ ಕಡೆಗೆ ತಿರುಗಿಸಬಹುದು. ಕೇಳುವ ಸ್ಥಾನದಲ್ಲಿರುವ ಶ್ರೋತೃಗಳಲ್ಲಿ ಮಾತ್ರ ನನ್ನದೊಂದು ವಿಜ್ಞಾಪನೆ: ಗಂಡಿಗೆ ಕೇಳದ ಪ್ರಶ್ನೆಯನ್ನು ಹೆಣ್ಣಿಗೂ ಕೇಳಬೇಡಿ.

ಇನ್ನು ಭಾಷೆಯ ಮಾತು. ಕನ್ನಡದಲ್ಲಿ ಓದಿ ಬಂದ ಹುಡುಗನಿಗೆ ಸಂದರ್ಶನವೆಂದರೆ ಇಂಗ್ಲಿಷಿನ ಭಯವೇ ಮುಕ್ಕಾಲು ಪಾಲು. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯಲ್ಲಿ ವ್ಯಕ್ತಿತ್ವ ಪರೀಕ್ಷೆಗೆ ಒಟ್ಟು 2025 ಅಂಕಗಳಲ್ಲಿ 275 ಇವೆ. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದವರು ಅದನ್ನೂ ಕನ್ನಡದಲ್ಲಿಯೇ ಎದುರಿಸಬಹುದು. ಖಾಸಗಿ ಸಂಸ್ಥೆಗಳಲ್ಲಿ ಸಾಮಾನ್ಯವಾಗಿ ಈ ಸೌಕರ್ಯವಿಲ್ಲ. ಅಲ್ಲಿಗೆ ಹೋಗುವವರಿಗೆ ನಾನು ಹೇಳುವ ಕ್ರಮ ಹೀಗೆ: ಉತ್ತರವನ್ನು ಮೊದಲು ಕನ್ನಡದಲ್ಲಿ ಆಡಿ ನೋಡಿ. ತಾಯ್ನುಡಿಯಲ್ಲಿ ಸ್ಪಷ್ಟವಾಗದ ಮಾತು ಪರನುಡಿಯಲ್ಲಿ ಸ್ಪಷ್ಟವಾಗದು. ಅನಂತರ ಅದನ್ನೇ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಿ. ಉಚ್ಚಾರಣೆ ನಮ್ಮ ಊರಿನದಾಗಿದ್ದರೆ ಬಾಧಕವಿಲ್ಲ; ಮಾತು ನಿಧಾನವಾಗಿರಲಿ, ವಾಕ್ಯ ಮುಗಿಯಲಿ. ಪ್ರಶ್ನೆ ತಿಳಿಯದಿದ್ದರೆ ಇನ್ನೊಮ್ಮೆ ಹೇಳಬೇಕೆಂದು ಕೇಳಿಕೊಳ್ಳುವುದು ಅವಮಾನವಲ್ಲ. ತಿಳಿಯದೆ ಉತ್ತರಿಸುವುದು ಅದಕ್ಕಿಂತ ದೊಡ್ಡ ನಷ್ಟ.

ಅಧ್ಯಾಪಕರು ಇದನ್ನು ಭಾಷಣದಿಂದ ಕಲಿಸಲಾರರು. ನೀರಿಗಿಳಿಯದೆ ಈಜು ಬಾರದು. ನಾಲ್ವರನ್ನು ಒಂದು ಗುಂಪು ಮಾಡಿ: ಒಬ್ಬ ಉಮೇದುವಾರ, ಇಬ್ಬರು ಕೇಳುವವರು, ಒಬ್ಬ ಸುಮ್ಮನೆ ನೋಡುವವನು. ಹತ್ತು ನಿಮಿಷದ ಮೇಲೆ ಸ್ಥಾನಗಳನ್ನು ಬದಲಿಸಿ. ಕೇಳುವವರ ಕುರ್ಚಿಯಲ್ಲಿ ಒಂದು ಸಲ ಕುಳಿತವನಿಗೆ ಉದ್ದವಾದ ಉತ್ತರ ಎಷ್ಟು ಬೇಸರ ತರುತ್ತದೆಂಬುದು ತಾನೇ ತಿಳಿಯುತ್ತದೆ. ನೋಡುವವನು ಒಂದು ಒಪ್ಪನ್ನೂ ಒಂದು ತಪ್ಪನ್ನೂ ಮಾತ್ರ ಹೇಳಲಿ. ಹತ್ತು ತಪ್ಪುಗಳನ್ನು ಒಟ್ಟಿಗೆ ಹೇಳಿದರೆ ಯಾವುದೂ ತಿದ್ದುವುದಿಲ್ಲ. ಇಂದು ಎಲ್ಲರ ಕೈಯಲ್ಲಿಯೂ ಇರುವ ದೂರವಾಣಿಯಲ್ಲಿ ತಮ್ಮ ಮಾತನ್ನು ಮುದ್ರಿಸಿಕೊಂಡು ಕೇಳಲಿ. ಪರೀಕ್ಷೆಯ ಹಿಂದಿನ ವಾರದಲ್ಲಿ ಅಲ್ಲ, ವರ್ಷದ ಉದ್ದಕ್ಕೂ ಇದು ನಡೆಯಬೇಕು. ಒಂದು ಎಚ್ಚರವನ್ನು ಮಾತ್ರ ಬಿಡಬಾರದು: ಉತ್ತರದ ವಾಕ್ಯಗಳನ್ನು ಬರೆಸಿ ಕೊಡಬೇಡಿ. ಬಾಯಿಪಾಠದ ಒಂದು ಪದ ಮರೆತರೆ ಕಟ್ಟಡವೆಲ್ಲ ಕುಸಿಯುತ್ತದೆ. ಹೇಳಬೇಕಾದ ಸಂಗತಿಗಳು ನೆನಪಿನಲ್ಲಿರಲಿ. ಮಾತು ಆ ಹೊತ್ತಿಗೆ ಹುಟ್ಟಲಿ.

ಆ ಹುಡುಗನಿಗೆ ಮುಂದೇನಾಯಿತೆಂದು ನೀವು ಕೇಳಬಹುದು. ಎರಡನೆಯ ಸಂದರ್ಶನದಲ್ಲಿಯೂ ಅವನಿಗೆ ಕೆಲಸ ಸಿಕ್ಕಲಿಲ್ಲ, ಮೂರನೆಯದರಲ್ಲಿ ಸಿಕ್ಕಿತು. ಆದರೆ ಎರಡನೆಯದರಿಂದ ಹೊರಬಂದಾಗಲೇ ಅವನ ಮುಖ ಬೇರೆಯಾಗಿತ್ತು. "ಆಗಲಿಲ್ಲ ಸಾರ್. ಆದರೆ ನಾಲೆಯ ವಿಷಯ ಹೇಳಿದೆ. ಅವರು ಎರಡು ಪ್ರಶ್ನೆ ಕೇಳಿದರು, ಒಂದಕ್ಕೆ ಉತ್ತರ ಗೊತ್ತಿರಲಿಲ್ಲ, ಗೊತ್ತಿಲ್ಲವೆಂದೆ" ಎಂದ. ಕೆಲಸ ಕೊಡುವುದೂ ಬಿಡುವುದೂ ಮೇಜಿನ ಆಚೆಯವರ ಕೈಯಲ್ಲಿದೆ. ತಾನು ಮಾಡಿದ್ದನ್ನು ತನ್ನ ಮಾತಿನಲ್ಲಿ, ಹೆಚ್ಚಿಸದೆ, ಕಡಮೆ ಮಾಡದೆ ಹೇಳಿ ಎದ್ದುಬರುವುದು ಮೇಜಿನ ಈಚೆಯವನ ಕೈಯಲ್ಲಿದೆ. ಅಷ್ಟನ್ನು ನಮ್ಮ ಮಕ್ಕಳಿಗೆ ಕಲಿಸಿ ಕಳುಹಿಸೋಣ.